ಮೂಸಬಾರದ ಇರುವಂತಿಗೆ

ಬಹಳ ಬಹಳ ಹಿಂದೆ ಹೂವೊಳಲು ಎಂಬ ರಾಜ್ಯವಿತ್ತು. ಅಲ್ಲಿ ಅರಳಿದ ಹೂವೆಲ್ಲ ದೇವಿಗೇ ಮೀಸಲು. ಮೂಸಿದ ಹೂ ಪೂಜೆಗೆ ಸಲ್ಲದೆಂದು ಜನ ತೋಟಕ್ಕೆ ಕಾಲಿಡುವಾಗಲೇ ಮೂಗಿಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದರು. ದೇವೀರಿ ಎಂಬ ಹುಡುಗಿ ಮಾತ್ರ ಚಿಕ್ಕಂದಿನಲ್ಲಿ ಸಿಕ್ಕಸಿಕ್ಕ ಹೂವನ್ನೆಲ್ಲ ಕದ್ದು ಮೂಸಿ, ಅಜ್ಜಿ ಕೆಂಚವ್ವನ ಕೈಲಿ ಗುದ್ದು ತಿಂದಿದ್ದಳು.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ನಾಡಿನ ಹೂಗಳ ಕಂಪನ್ನೆಲ್ಲ ಹೀರಿ ತನ್ನ ತೋಟಕ್ಕೆ ಒಯ್ದ. ಮೂಗು ಕಟ್ಟಿಕೊಂಡವರಿಗೆ ತಿಳಿಯುವುದಾದರೂ ಹೇಗೆ? ಕೆಂಚವ್ವ ಒಬ್ಬಳೇ, "ಅಯ್ಯೋ, ಹೂವಿನ ವಾಸನೆ ಹೋಯ್ತು!" ಎಂದು ಕೂಗಿದಳು. ಮಾಂತ್ರಿಕ ಅವಳನ್ನು ಮಾಯಾನಿದ್ದೆಗೆ ಕೆಡವಿದ.

"ಇವಳ ಬಚ್ಚಲ ಹಿಂದಿನ ಹೂವಿನ ಕಂಪು ತಾಕಿದರೆ ಎದ್ದಾಳು. ಅದನ್ನು ಗುರುತಿಸುವವರು ಯಾರಿದ್ದೀರಿ?" ಎಂದು ನಕ್ಕ.

"ನಾನಿದ್ದೀನಿ," ಎಂದಳು ದೇವೀರಿ.

ಮಾಂತ್ರಿಕನ ತೋಟದಲ್ಲಿ ಎಲ್ಲ ಹೂವಿಗೂ ಒಂದೇ ರೂಪ, ಒಂದೇ ಬಿಳುಪು. ಬಾಗಿಲಲ್ಲಿ ಹುಲಿ ಒಂದು ಹೂ ಚಾಚಿ, "ಹೆಸರು ಹೇಳು, ಇಲ್ಲವೇ ತಿನ್ನುತ್ತೇನೆ," ಎಂದಿತು. ದೇವೀರಿ ಮೂಸಿದಳು. ಹಿಂದೆ ಇದನ್ನೇ ಕದ್ದು ಮೂಸುವಾಗ ಜೇನು ಕಚ್ಚಿದ್ದ ತುಟಿ ಉರಿದಂತಾಯಿತು. "ಸುರಗಿ!" ಹುಲಿ ದಾರಿ ಬಿಟ್ಟಿತು.

ಕೊಳದ ಬಳಿ ಸರ್ಪ ಇನ್ನೊಂದು ಹೂ ಚಾಚಿತು. ಮೂಸಿದಳು. ಮುಳ್ಳು ಗೀರಿದ್ದ ಮೂಗು ಚುರುಗುಟ್ಟಿತು. "ಕೇದಗೆ!" ಸರ್ಪವೂ ದಾರಿ ಬಿಟ್ಟಿತು.

ಕೊನೆಗೆ ಧೂಮಾಕ್ಷನೇ ಬುಟ್ಟಿ ತುಂಬ ಹೂ ಸುರಿದ. ದೇವೀರಿ ಪಟ್ಟು ಬಿಡದೆ ಒಂದೊಂದನ್ನೇ ಮೂಸಿದಳು. ಒಂದು ಹೂ ಮೂಗಿನ ಹತ್ತಿರ ಬಂದದ್ದೇ ತಡ, ಬಚ್ಚಲ ಹಿಂದೆ ಅಜ್ಜಿ ಗುದ್ದಿದ್ದ ಬೆನ್ನು ಚಳಕ್ಕೆಂದಿತು. "ಇರುವಂತಿಗೆ! ನಮ್ಮಜ್ಜಿಯ ಹೂ ಇದೇ!"

ಸೋತ ಮಾಂತ್ರಿಕ ಹೊಟ್ಟೆಕಿಚ್ಚಿಗೆ ಹೂವನ್ನು ಹೊಸಕಿ ಹಾಕಿ, ಅದೇ ಗಿಡದ ಒಂದು ಬೋಳುಕಡ್ಡಿ ಎಸೆದ. "ತಗೋ, ಬೆಳೆಸಿಕೋ!"

ದೇವೀರಿ ಅದನ್ನು ಬಚ್ಚಲ ಹಿಂದೆ ನೆಟ್ಟಳು.

"ಒಣಕಡ್ಡಿಗೆ ನೀರು ಹಾಕ್ತೀಯಲ್ಲೇ, ಹುಚ್ಚೇನೇ ನಿನಗೆ?" ಎಂದರು ನೆರೆಯವರು.

"ಚಿಗುರೋವರೆಗೂ ಹಾಕ್ತೀನಿ."

ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಅಜ್ಜಿ ಏಳಲಿಲ್ಲ, ದೇವೀರಿ ನೀರು ನಿಲ್ಲಿಸಲಿಲ್ಲ. ಕಡ್ಡಿ ಚಿಗುರಿತು, ಬೇಸಗೆಗೆ ಒಂದು ಮೊಗ್ಗು ಬಿರಿಯಿತು. ಊರ ಹಿರಿಯರು ಓಡಿಬಂದರು.

"ಮೂಗಿನ ಹತ್ತಿರ ತರಬೇಡ! ಮೊದಲು ದೇವಿಗೆ!"

"ದೇವಿ ಎಚ್ಚರವಾಗೇ ಇದ್ದಾಳೆ. ಮಲಗಿರೋಳು ನಮ್ಮಜ್ಜಿ," ಎಂದವಳೇ ದೇವೀರಿ ಹೂವನ್ನು ಅಜ್ಜಿಯ ಮೂಗಿಗೆ ಹಿಡಿದಳು.

ಅಜ್ಜಿ ಕಣ್ಣು ಬಿಟ್ಟಳು. ದೇವೀರಿ ಗಳಗಳನೆ ಅತ್ತುಬಿಟ್ಟಳು. ಘಮಕ್ಕೆ ಸೋತ ಹಿರಿಯರೂ ಮೆಲ್ಲಗೆ ಬಟ್ಟೆ ಬಿಚ್ಚಿದರು. ಅವರು ಉಸಿರೆಳೆದಷ್ಟೂ ಕದ್ದ ಕಂಪೆಲ್ಲ ನಾಡಿಗೆ ಮರಳಿತು. ಧೂಮಾಕ್ಷ ಕುಗ್ಗಿ ಕುಗ್ಗಿ ಸಗಣಿಹುಳುವಾಗಿ ಹೋದ.

"ಅಜ್ಜೀ, ವಾಸನೆ ಹೋಗಿದ್ದು ನಿನಗೊಬ್ಬಳಿಗೇ ಹೇಗೆ ಗೊತ್ತಾಯ್ತು?"

ಕೆಂಚವ್ವ ಅತ್ತಿತ್ತ ನೋಡಿ ಪಿಸುಗುಟ್ಟಿದಳು. "ನಾನೂ ದಿನಾ ಕದ್ದು ಮೂಸ್ತಿದ್ದೆ ಕಣೇ."

ಆಮೇಲೆ ಹೂವೊಳಲಿನಲ್ಲಿ ಯಾರೂ ಮೂಗು ಕಟ್ಟಿಕೊಳ್ಳಲಿಲ್ಲ. ಜನರೂ ಸುಖವಾಗಿದ್ದರು, ದೇವಿಯೂ ಸುಖವಾಗಿದ್ದಳು.