ಖಾಲಿ ಉಳಿದ ಮೊದಲ ಕೊಳವೆ

“ಎಂಜಲು ಉಗುಳೋಕೂ ಬಿಗುಮಾನವೇ ನಿಮಗೆ?”

ಲ್ಯಾಬಿನವಳು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಎದುರಿಗಿದ್ದ ಮಾಜಿ ಸೈನಿಕ ಕಣ್ಣು ಮಿಟುಕಿಸಲಿಲ್ಲ. ಬೆನ್ನು ಮಾತ್ರ ಇನ್ನಷ್ಟು ನೆಟ್ಟಗಾಯಿತು.

ಯುದ್ಧ ಕಂಡು ಬಂದವರ ನಿದ್ದೆ ಏಕೆ ಕೆಡುತ್ತದೆಂದು ತಿಳಿಯಲು ಅವರ ಎಂಜಲಿನಲ್ಲಿ ಒತ್ತಡದ ಹಾರ್ಮೋನು ಅಳೆಯುವುದು ಅವಳ ಕೆಲಸ. ದಿನಕ್ಕೆ ನಾಲ್ಕು ಕೊಳವೆ. ಮೊದಲನೆಯದು, ನಿದ್ದೆಯಿಂದ ಎದ್ದ ತಕ್ಷಣ. ಇವನದು ಮೂರು ವಾರದಿಂದ ಅದೊಂದೇ ಖಾಲಿ! ಇನ್ನೊಂದು ವಾರ ಹೀಗಾದರೆ ಹೆಸರು ಪಟ್ಟಿಯಿಂದ ಹೊರಗೆ, ಚಿಕಿತ್ಸೆಗೂ ಕಲ್ಲು.

“ಬೇರೆಯವರೆಲ್ಲ ತುಂಬಿಸಿ ತರ್ತಾರೆ. ನಿಮಗೇನು ಕೊಂಬು ಬಂದಿದ್ಯಾ?”

“ಕೊಳವೆ ಮೇಲಿನ ಚೀಟೀಲಿ ಏನು ಬರೆದಿದೆ, ಮೇಡಂ?”

“ಎದ್ದ ತಕ್ಷಣ...”

“ಮಲಗಿದ್ರೆ ತಾನೇ ಏಳೋದು? ಕುರ್ಚೀಲಿ ಕೂತೇ ತೂಕಡಿಸ್ತಾ ಬೆಳಗು ಮಾಡಿದೋನು ‘ಎದ್ದೆ’ ಅಂತ ಹೇಗೆ ಬರೀಲಿ? ಸುಳ್ಳು ಬರೆದು ಉಳಿಸ್ಕೊಳ್ಳೋ ಜಾಗ ನಂಗೆ ಬೇಡ.”

ಅವಳು ಕುಕ್ಕಿದ್ದ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ಅಯ್ಯೋ... ಇಷ್ಟು ದಿನ ನಿಯತ್ತನ್ನೇ ಸೋಮಾರಿತನ ಅಂದುಕೊಂಡೆನಲ್ಲ!

“ಯಾಕೆ ಮಲಗಲ್ಲ?” ಮೆಲ್ಲಗೆ ಕೇಳಿದಳು.

“ಕಾವಲಿಗೆ ನಿಂತೋನು, ಬದಲಿಯವನು ಬಂದು ‘ಪಹರೆ ನಂದು’ ಅನ್ನೋವರೆಗೂ ಕಣ್ಣು ಮುಚ್ಚಬಾರದು. ಆವತ್ತು ನನ್ನ ಬದಲಿ... ದಾರೀಲೇ ಗುಂಡು ತಗುಲಿ ಹೋದ.” ತಡೆದು, ಸಣ್ಣಗೆ ನಕ್ಕ. “ಮನೆಗೆ ಬಂದು ನಾಲ್ಕು ವರ್ಷ ಆಯ್ತು. ಪಹರೆ ಮುಗೀತು ಅಂತ ಈ ಮೈಗೆ ಯಾರೂ ಹೇಳಿಲ್ಲ.”

ಆ ವಾರ ಕೊಳವೆ ಕೊಡಲು ಬಂದವನು ದಿನವೂ ಒಂದಿಷ್ಟು ಹೊತ್ತು ಕೂತು ಹೋದ. ಅವಳು ಬೈಯುವುದನ್ನು ಮರೆತಳು. ಬಾಗಿಲಿನ ಕಡೆ ಕಣ್ಣಿಡುವುದನ್ನು ಕಲಿತಳು!

ಗಡುವಿನ ಕೊನೆಯ ದಿನ, ಮಧ್ಯಾಹ್ನ. ಕಾರಿಡಾರಿನ ಬೆಂಚಿನ ಮೇಲೆ ಅವನ ಕಣ್ಣು ಕೆಂಡದಂತಿತ್ತು. ಅವಳು ಕುರ್ಚಿ ಎಳೆದು, ಅವನಿಗೆ ಬೆನ್ನು ಮಾಡಿ, ದಾರಿಗೆ ಅಡ್ಡ ಕೂತಳು.

“ಪಹರೆ ನಂದು. ಮಲಗಿ.”

“ತಮಾಷೆ ಬೇಡ, ಮೇಡಂ.”

“ತಮಾಷೆ ಯಾರು ಮಾಡಿದ್ರು? ನೊಣ ಬಂದ್ರೂ ನನ್ನ ಕೇಳಿ ಬರಬೇಕು!”

ತುಂಬಾ ಹೊತ್ತಿನ ಮೇಲೆ ಹಿಂದಿನಿಂದ ಗೊರಕೆ ಕೇಳಿಸಿತು. ದೊಡ್ಡ ಡಾಕ್ಟರು ಬಂದರು; ಬೆರಳು ತುಟಿಗಿಟ್ಟು ಅವರನ್ನೂ ತಿರುಗಿಸಿ ಕಳಿಸಿದಳು.

ಐವತ್ತು ನಿಮಿಷ!

ಎಚ್ಚರವಾದವನ ಮೊದಲ ಮಾತು: “ಕೊಳವೆ ಕೊಡಿ!”

ಬೆಳಿಗ್ಗೆಯೇ ಏಳಬೇಕೆಂದು ಚೀಟಿಯಲ್ಲಿರಲಿಲ್ಲವಲ್ಲ. ‘ಎದ್ದದ್ದು, ಮೂರು ನಲವತ್ತು’ ಎಂದು ಬರೆದು ಅವನು ತಲೆ ಎತ್ತಿದ. ಅದನ್ನು ಕಂಡು ಅವಳ ಎದೆ ತಾನೇ ಪದಕ ಗೆದ್ದಂತೆ ಉಬ್ಬಿತು.

“ಇವತ್ತಿಗಾಯ್ತು. ನಾಳೆಗೆ?”

“ನಾಳೆನೂ ನಂದೇ.”

“ಆಮೇಲೆ... ಎಷ್ಟು ದಿನ ಅಂತ?”

ಅವಳು ತಿರುಗಿ ಅವನ ಕೈ ಹಿಡಿದಳು.

“ಬದಲಿ ಕೇಳೋಳಲ್ಲ ನಾನು.”