ಮಧುನಾಶಿನಿಯ ಎರಡು ಘಳಿಗೆ

೧೯೬೧ರ ಮಾರ್ಚ್ ೯ರ ನನ್ನ ದಿನಚರಿಯಲ್ಲಿ, ನಮ್ಮ ವಂಶದ ಹಿರಿಯರಾದ ರಾಜವೈದ್ಯ ಶಂಭುಪಂಡಿತರ ವೃತ್ತಾಂತವನ್ನು ಅತ್ತೆಯವರು ಹೇಳಿದಂತೆಯೇ ಬರೆದಿಟ್ಟಿದ್ದೇನೆ. ಬಣ್ಣ ಹಚ್ಚಿಲ್ಲ.

ಕಂಚಿದುರ್ಗದ ಹೆಬ್ಬಾಗಿಲಲ್ಲಿ ಬೆಳಗಿನ ನಗಾರಿ ಮೊಳಗಿತು, ಪಟ್ಟದಾನೆಗಳು ಕೆರೆಗಿಳಿದವು, ಪೇಟೆಬೀದಿಯ ಬಳೆಗಾರರೂ ಗಾಣದವರೂ ಕೆಲಸ ಬಿಟ್ಟು ಅರಮನೆಯತ್ತ ನಡೆದರು. ದೊರೆಗೆ ವಿಷವಿಕ್ಕಿದ ಆರೋಪದ ಮೇಲೆ ಅಂದು ಪಂಡಿತರ ವಿಚಾರಣೆಯಿತ್ತು.

ದೊರೆ ಇಮ್ಮಡಿ ಹಿರೇನಾಯಕರಿಗೆ ಮಧುಮೇಹ. ಮೂತ್ರಕ್ಕೆ ಇರುವೆ ಮುತ್ತುತ್ತಿದ್ದವು, ಕಾಲ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ಪಂಡಿತರು ಊಟಕ್ಕೆ ಮೊದಲು ಮಧುನಾಶಿನಿಯ ಎಲೆ ಅಗಿಸುತ್ತಿದ್ದರು. ಆ ಎಲೆ ನಾಲಗೆಯಿಂದ ಸಿಹಿಯನ್ನು ಸ್ವಲ್ಪ ಹೊತ್ತು ಅಳಿಸುತ್ತದೆಂದು ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ಸಿಹಿಪ್ರಿಯ ದೊರೆ ಅದನ್ನು ಮುಟ್ಟುತ್ತಿರಲಿಲ್ಲ. ಅದೇ ಅವರು ಮಾಡಿದ ತಪ್ಪು. ದಳವಾಯಿ ಕೆಂಚಪ್ಪಯ್ಯನ ಮಗಳೇ ಪಟ್ಟದ ರಾಣಿ. ದೊರೆ ಅಳಿದರೆ ಮಗಳ ಹಸುಗೂಸಿನ ಹೆಸರಿನಲ್ಲಿ ತಾನೇ ರಾಜ್ಯವಾಳಬಹುದೆಂದು ಅವನು ಪ್ರತಿದಿನ ಅಳಿಯನಿಗೆ ಹೋಳಿಗೆ ಕಳಿಸುತ್ತಿದ್ದ. ಒಂದು ದಿನ ದೊರೆ ಎಲೆ ಅಗಿದ ಬೆನ್ನಲ್ಲೇ ಆ ಹೋಳಿಗೆ ತಿಂದು, ಅದು ಬಾಯಲ್ಲಿ ಮಣ್ಣಾದಾಗ, ವೈದ್ಯ ವಿಷವಿಕ್ಕಿದ್ದಾನೆಂದು ಕಿವಿಯೂದಿದ.

ಸಭೆಯಲ್ಲಿ ಪಂಡಿತರು ಎಲೆ ಅಗಿದು, ಬೆಲ್ಲ ತಿಂದು, ತಮಗೂ ಸಿಹಿ ತಿಳಿಯುತ್ತಿಲ್ಲವೆಂದರು.

"ನಿಮ್ಮ ನಾಲಗೆಯೊಳಗೆ ನಾವು ಇಳಿದು ನೋಡೋಣವೇ, ಪಂಡಿತರೇ?" ಎಂದ ದಳವಾಯಿ. ಸಭೆ ನಕ್ಕಿತು.

ಕೊನೆಗೆ ದೊರೆಯೇ ಎಲೆ ಅಗಿದರು. ಬೆಲ್ಲ ಮಣ್ಣಿನಂತಿತ್ತು, ಉಗುಳಿದರು.

"ಎರಡು ಘಳಿಗೆ ತಾಳಬೇಕು, ಪ್ರಭು. ರುಚಿ ತಾನಾಗಿ ಮರಳುತ್ತದೆ," ಎಂದರು ಪಂಡಿತರು.

"ವಿಷವೇರಲು ಅವಧಿ ಕೇಳುತ್ತಿದ್ದಾರೆ, ಮಹಾಸ್ವಾಮಿ," ಎಂದ ದಳವಾಯಿ.

ದೊರೆಗೆ ಜೀವಭಯ ಹುಟ್ಟಿತು. ದ್ರೋಹಿ ವೈದ್ಯನ ಬಲಗೈಯಿಂದ ನಾಡಿ ಹಿಡಿಯುವ ಮೂರು ಬೆರಳುಗಳನ್ನು ಕತ್ತರಿಸುವುದು ಆ ಸಂಸ್ಥಾನದ ಕಟ್ಟಳೆ. ಅಪ್ಪಣೆಯಾಯಿತು; ಅಲ್ಲಿಯೇ ನೆರವೇರಿತು.

ಅಷ್ಟರಲ್ಲಿ ಎರಡು ಘಳಿಗೆ ಕಳೆದಿತ್ತು; ಸಭೆ ಇನ್ನೂ ಚದುರಿರಲಿಲ್ಲ. ದೊರೆ ತಟ್ಟೆಯಲ್ಲುಳಿದಿದ್ದ ಬೆಲ್ಲದ ಚೂರೊಂದನ್ನು ಅನ್ಯಮನಸ್ಕರಾಗಿ ಬಾಯಿಗಿಟ್ಟರು. ಸಿಹಿಯಾಗಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಕಂಬಕ್ಕೊರಗಿದ್ದ ಪಂಡಿತರ ಬಳಿಗೆ ತಾವೇ ನಡೆದುಹೋಗಿ, ಕ್ಷಮೆಯ ಮಾತನ್ನು ತುಟಿಯವರೆಗೆ ತಂದರು.

"ಮೊದಲು ಆ ಬೆಲ್ಲವನ್ನು ಉಗುಳಿ, ಪ್ರಭು," ಎಂದರು ಪಂಡಿತರು.

ಕೆಂಚಪ್ಪಯ್ಯನಿಗೆ ಗಡಿಪಾರಾಯಿತು. ದೊರೆಯ ಒಂದು ಕಾಲ್ಬೆರಳು ಹೋಯಿತು. ಪಥ್ಯ ಹಿಡಿದು ಇನ್ನೂ ಒಂಬತ್ತು ವರ್ಷ ಬದುಕಿದರು. ಶಂಭುಪಂಡಿತರ ಮೂರು ಬೆರಳು ಹೋದವು. ಅವರು ಮತ್ತೆ ಯಾರ ನಾಡಿಯನ್ನೂ ಹಿಡಿಯಲಿಲ್ಲ. ಮಕ್ಕಳಿಗೆ ವಿದ್ಯೆ ಹೇಳಿಕೊಡಲಿಲ್ಲ. ಅವರ ನಂತರ ನಮ್ಮ ಮನೆತನದಲ್ಲಿ ವೈದ್ಯರಿಲ್ಲ.