ಅಂಚು ಮೀರಿದ ಕೈ

"ಬದುಕಿರೋರನ್ನ ಎದುರಿಗೆ ನಿಲ್ಲಿಸ್ಕೊಂಡು ಇದರ ಮುಖಪುಟ ಬರೀಬೇಡಪ್ಪ," ಎಂದಳು ಕಾದಂಬರಿ ಬರೆದ ಮುದುಕಿ. "ಒಳಗಿರೋ ಮಾಟ ನಾನು ಕಟ್ಟಿದ್ದಲ್ಲ. ನಮ್ಮಜ್ಜಿ ಮಾಡ್ತಿದ್ದದ್ದನ್ನ ಹಾಗೇ ಇಳಿಸಿದ್ದೀನಿ. ಕಾಗದಕ್ಕೆ ಆದದ್ದು ಮೈಗೂ ಆಗುತ್ತೆ."

ಪ್ರಕಾಶನಕ್ಕೆ ಹೊಸದಾಗಿ ಸೇರಿದ್ದ ಕಲಾವಿದ ಮಾಲೀಕನ ಕಡೆ ತಿರುಗಿದ. "ಹಾಗಿದ್ರೆ ಮೊದಲು ನಿಮ್ಮನ್ನೇ ಬರೀತೀನಿ ಸಾರ್. ಖರ್ಚಿಲ್ಲದೆ ಹೊಟ್ಟೆ ಕರಗಿಸಿಬಿಡೋಣ."

ಮಾಲೀಕ ಆ ಹೊಟ್ಟೆ ಕುಣಿಸಿಕೊಂಡೇ ನಕ್ಕ. ಮುದುಕಿ ಎದ್ದುಹೋದಳು.

ಬರಲಿರುವ ಭಯಾನಕ ಪುಸ್ತಕಗಳ ಸಾಲಿನಲ್ಲಿ ಅದೇ ಮೊದಲನೆಯದು. ಮುಖಪುಟ ಜನರ ಕಣ್ಣು ಹಿಡಿದರೆ ಅವನ ಕೆಲಸ ಖಾಯಂ. ಮನೆಗೆ ಬಂದವನೇ, ಹೊಲಿಗೆ ಯಂತ್ರ ತುಳಿದು ತನ್ನನ್ನು ಸಾಕಿ ಓದಿಸಿದ ಅಕ್ಕನನ್ನು ಎಬ್ಬಿಸಿ, ಬಾಗಿಲ ಸಂದಿಯಿಂದ ಬಲಗೈ ಚಾಚಿಸಿದ.

"ಬೇಗ ಮುಗಿಸೋ, ತೋಳು ಬಿದ್ದುಹೋಗ್ತಿದೆ."

"ಬಿದ್ರೆ ಎತ್ತಿಕೊಡ್ತೀನಿ, ಸುಮ್ನೆ ನಿಂತ್ಕೊ."

ಸೂಜಿ ತಾಗಿ ತಾಗಿ ಜಡ್ಡುಗಟ್ಟಿದ ಆ ಬೆರಳುಗಳು ಚಿತ್ರದಲ್ಲಿ ಕತ್ತಲನ್ನು ಸೀಳಿಕೊಂಡು ಓದುವವರ ಕೊರಳಿಗೇ ಬರುವಂತಿದ್ದವು. ತುದಿಗಳನ್ನು ಅಂಚಿನ ಗೆರೆಯಾಚೆಗೂ ಎಳೆದ. ಪುಟದ ತುಂಬ ಬಣ್ಣ ನಿಲ್ಲಬೇಕಾದರೆ ಚಿತ್ರ ಅಂಚು ಮೀರಲೇಬೇಕು. ಮೀರಿದ್ದನ್ನು ಕಾಗದ ಕತ್ತರಿಸುವ ಯಂತ್ರದ ಅಲಗು ನೋಡಿಕೊಳ್ಳುತ್ತದೆ. ಕಸುಬಿನಲ್ಲಿ ಇದೇನು ಹೊಸತಲ್ಲ.

ಮುದ್ರಣಾಲಯದ ತುಂಬ ಮಸಿ, ಅಂಟು, ಕಾದ ಎಣ್ಣೆಯ ನಾತ. ಅವನ ಕಣ್ಣೆದುರೇ ಅಲಗು ಇಳಿಯಿತು. ಬೆರಳ ತುದಿಗಳ ಸಪೂರ ಚೂರುಗಳು ನೆಲಕ್ಕೆ ಉದುರಿದವು. ಒಂದನ್ನು ಹೆಕ್ಕಿಕೊಂಡ. ಬೆಚ್ಚಗಿತ್ತು.

ಮನೆಯಲ್ಲಿ ಯಂತ್ರದ ಸದ್ದಿರಲಿಲ್ಲ. ಅಕ್ಕ ಬಲಗೈಯನ್ನು ಮಡಿಲಲ್ಲಿಟ್ಟು, ಯಾರದೋ ಕೈ ಎಂಬಂತೆ ನೋಡುತ್ತ ಕೂತಿದ್ದಳು.

"ನೋವಿಲ್ಲ ಕಣೋ. ದಾರ ಹಿಡಿಯೋಕೆ ಹೋದೆ, ಸಿಗ್ಲಿಲ್ಲ. ನೋಡಿದ್ರೆ ಉಗುರೇ ಇಲ್ಲ."

ರಕ್ತವಿರಲಿಲ್ಲ. ಬೆರಳುಗಳೆಲ್ಲ ಒಂದೇ ಗೆರೆಗೆ, ಕತ್ತರಿಸಿದಂತೆ ನಿಂತುಹೋಗಿದ್ದವು. ಮುದುಕಿಯ ಮಾತನ್ನು ಅಕ್ಕನಿಗೆ ಹೇಳಿ ತಲೆ ತಗ್ಗಿಸಿದ.

ಆಗಲೇ ಮಾಲೀಕನ ಫೋನು. "ಮುಂಗಡದಲ್ಲೇ ಎಲ್ಲಾ ಖಾಲಿ ಕಣಯ್ಯಾ. ನಾಳೆ ಜೇಬಿಗೆ ಹಿಡಿಸೋ ಚಿಕ್ಕ ಆವೃತ್ತಿ. ಚಿತ್ರ ಅದೇ. ಮಣಿಕಟ್ಟಿನ ಹತ್ರ ಕತ್ತರಿಸಿದ್ರಾಯ್ತು."

"ನಿಲ್ಲಿಸಿ ಸಾರ್, ಅಕ್ಕನ ಕೈ—"

"ಬೇಕಾದ್ರೆ ಕೈ ಬದಲಾಯ್ಸು. ಜಾಗ ಮಾತ್ರ ಕದಲಬಾರದು, ಶೀರ್ಷಿಕೆ ಕೂತಾಗಿದೆ. ಬಲಗೈಯೇ ಇರ್ಲಿ."

ಓಡಿದ. ಮುದುಕಿ ಬಾಗಿಲನ್ನು ಅರ್ಧವಷ್ಟೇ ತೆರೆದಳು. "ಹೋದದ್ದು ಬರಲ್ಲ. ಉಳಿದದ್ದು ಉಳೀಬೇಕಂದ್ರೆ ಬದುಕಿರೋ ಬೇರೆಯವರ ಕೈಯನ್ನೇ ನೋಡಿ ಬರಿ."

"ಯಾರದ್ದು?"

"ಅದನ್ನೂ ನನ್ನ ಬಾಯಲ್ಲೇ ಹೇಳಿಸ್ತೀಯಾ?"

ತನ್ನದನ್ನೇ ಬರೆಯುವುದೆಂದಾಯಿತು. ಆದರೆ ಬಲಗೈ ಹೋದರೆ ಕುಂಚ ಹೋಯಿತು, ಕುಂಚ ಹೋದರೆ ಒಲೆ ಆರಿತು. ಅಕ್ಕನೂ ಇನ್ನು ದುಡಿಯಲಾರಳು. ಎಡಗೈ ಹೋಗಲಿ. ಕನ್ನಡಿಯ ಮುಂದೆ ಕೂತು ಎಡಗೈ ಚಾಚಿದ. ಗಾಜಿನೊಳಗೆ ಅದು ಮಾಲೀಕ ಕೇಳಿದಂತೆಯೇ ಬಲಗೈಯಾಗಿ ಕಂಡಿತು. ಕಂಡದ್ದನ್ನು ಕಂಡ ಹಾಗೆ ಬರೆದ. ಮಾಟಕ್ಕೇ ಮಂಕುಬೂದಿ ಎರಚಿದೆನೆಂದು ಒಳಗೊಳಗೇ ಬೀಗಿದ.

ಮಾರನೆಯ ದಿನ ಹೊಸ ಮುಖಪುಟಗಳ ಕಟ್ಟು ಕತ್ತರಿಸುವ ಯಂತ್ರಕ್ಕೆ ಹೋಯಿತು. ಎಡ ಮುಷ್ಟಿಯನ್ನು ಎದೆಗೊತ್ತಿಕೊಂಡು ನಿಂತ. ಮಸಿಯ ನಾತ. ಸರಪಳಿಯ ಕಿರುಗುಟ್ಟುವ ಸದ್ದು. ಅಲಗು ಎದ್ದಿತು. ಕಣ್ಣು ಮುಚ್ಚಿದ. ಧಡ್.

ಮುಷ್ಟಿ ಬಿಚ್ಚಿದ. ಎಡಗೈ ಇತ್ತು. ಬೆರಳುಗಳೂ ಇದ್ದವು. ಉಸಿರು ಬಿಟ್ಟ. ಬೆವರು ಒರೆಸಲು ಬಲಗೈ ಎತ್ತಿದ.

ಹಣೆಗೆ ಏನೂ ತಾಗಲಿಲ್ಲ.

ಕಾಗದದ ಮೇಲೆ ಇದ್ದದ್ದು ಬಲಗೈ. ಕಾಗದಕ್ಕೆ ಕನ್ನಡಿಯ ಸುದ್ದಿ ಯಾರು ಹೇಳಬೇಕು?

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ತಡವರಿಸಿ ತೆಗೆದ.

"ನಂದು ಉಳೀತು ಕಣೋ," ಎಂದಳು ಅಕ್ಕ. ಅಳುತ್ತಿದ್ದಳು. "ನಿಂದೇ ಬರೆದೆ ತಾನೇ? ಯಾವ ಕೈ ಬರೆದೆ?"

ಯಂತ್ರದವನು ಇನ್ನೊಂದು ಕಟ್ಟನ್ನು ಅಲಗಿನಡಿ ತಳ್ಳಿದ.

"ಎಡಗೈ ಅಕ್ಕ," ಎಂದ ಅವನು.